ಜಾರ್ಜ್ ವೆಸ್ಟಿಂಗ್‌ಹೌಸನ ಜೀವನ ಚರಿತ್ರೆ

ಮಹನೀಯರ ಚರಿತ್ರೆಗಳನ್ನು ಓದುವುದರಿಂದ ಬಾಲಿಕೆಯರ ಮನಸ್ಸಿಗೆ ಬಲವುಂಟಾಗುವುದೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಅಂತಹ ಚರಿತ್ರೆಗಳಲ್ಲಿ ಅರಸರು, ದಳಪತಿಗಳು, ಕವಿಗಳು ಇವರ ಹೆಸರುಗಳೇ ಹೆಚ್ಚಾಗಿ ಕಾಣಬರುತ್ತವೆ. ಕಾರ್ಖಾನೆಯ ಮಸಿಯಲ್ಲಿ ಕೈಯಿಟ್ಟು ದುಡಿದು, ತಮ್ಮನ್ನು ಎಂದೂ ಕಣ್ಣಾರೆ ಕಾಣದ ಜನರ ಪ್ರಾಣಗಳನ್ನು ಉಳಿಸಿದವರ ಹೆಸರುಗಳು ಅಷ್ಟಾಗಿ ಕಾಣುವುದಿಲ್ಲ. ಆದಕಾರಣ ಈ ಸ್ಮರಣ ಸಂಚಿಕೆಗಾಗಿ ಒಂದು ಜೀವನ ಚರಿತ್ರೆಯನ್ನು ಬರೆಯಬೇಕೆಂದು ಸಮಿತಿಯವರು ಕೇಳಿಕೊಂಡಾಗ ನಾವು ಜಾರ್ಜ್ ವೆಸ್ಟಿಂಗ್‌ಹೌಸನನ್ನು ಆರಿಸಿಕೊಂಡೆವು. ಇದಕ್ಕೆ ಒಂದು ಕಾರಣವೂ ಉಂಟು. ಅದನ್ನು ಮೊದಲು ಹೇಳುವೆವು.

ಕೆಲವು ವರ್ಷಗಳ ಹಿಂದೆ ನಾವು ಒಂಬತ್ತನೆಯ ತರಗತಿಯ ಬಾಲಿಕೆಯರನ್ನು ಹಂಪೆಯ ಪ್ರವಾಸಕ್ಕೆ ಕರೆದುಕೊಂಡು ಹೊರಟಿದ್ದೆವು. ನಸುಕಿನಲ್ಲಿ ರಾಯಚೂರು ನಿಲ್ದಾಣದಲ್ಲಿ ಬಾಲಿಕೆಯರನ್ನು ಸಾಲಾಗಿ ನಿಲ್ಲಿಸಿ ಎರಡು ಸಾರಿ ಎಣಿಸಿದ್ದಾಯಿತು. ದೇವದುರ್ಗದಿಂದಲೂ ಮಾನ್ವಿಯಿಂದಲೂ ಬಂದು ಬೋರ್ಡಿಂಗಿನಲ್ಲಿರುವ ಮಕ್ಕಳಲ್ಲಿ ಕೆಲವರಿಗೆ ಅದೇ ಮೊದಲನೆಯ ರೈಲು ಪ್ರಯಾಣ. ದೇವದುರ್ಗದ ಕಡೆಯ ಒಬ್ಬ ತಾಯಿಯು ಮಗಳನ್ನು ಬೀಳ್ಕೊಡಲು ಹಿಂದಿನ ದಿನವೇ ಬಂದಿದ್ದರು. ಅವರು ಕಂಬಿಗಳನ್ನು ಬಹಳ ಹೊತ್ತು ದಿಟ್ಟಿಸಿ ನೋಡಿ, ಇದೇ ಕಂಬಿಯ ಮೇಲೆ ಎದುರಿನಿಂದ ಇನ್ನೊಂದು ಬಂಡಿ ಬಂದರೆ ತಡೆಯುವವರು ಯಾರೆಂದು ನಮ್ಮನ್ನು ಕೇಳಿದರು. ಕೈಮರವುಂಟು, ಅದನ್ನು ನೋಡುವ ಚಾಲಕನಿದ್ದಾನೆ ಎಂದು ನಾವು ಸಮಾಧಾನ ಹೇಳಿದೆವು. ಚಾಲಕನೂ ಮನುಷ್ಯನಷ್ಟೆ, ಅವನು ತೂಕಡಿಸಿದರೆ ಏನು ಗತಿಯೆಂದು ಆ ತಾಯಿ ತಿರುಗಿ ಕೇಳಿದರು. ಅಷ್ಟರಲ್ಲಿ ಬಂಡಿ ಬಂದಿತು, ನಾವು ಹತ್ತಿದೆವು. ಉತ್ತರ ಕೊಡದೆ ಹೊರಟೆವೆಂಬ ಸಂಗತಿ ಮಾತ್ರ ನಮ್ಮ ಮನಸ್ಸಿನಲ್ಲಿ ಉಳಿಯಿತು. ಓದು ಬರಹವಿಲ್ಲದ ಆ ತಾಯಿಯ ಪ್ರಶ್ನೆಯನ್ನೇ ತನ್ನ ಜೀವಮಾನದ ಪ್ರಶ್ನೆಯನ್ನಾಗಿ ಮಾಡಿಕೊಂಡವನು ಈ ವೆಸ್ಟಿಂಗ್‌ಹೌಸನು.

ನಮ್ಮ ಊರಿಗೆ ರೈಲು ಬಂದದ್ದು 1871ರಲ್ಲಿ. ಮುಂಬಯಿಯ ಕಡೆಯಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪೆನಿಯವರ ಹಾದಿಯೂ ಮದರಾಸಿನ ಕಡೆಯಿಂದ ಮದ್ರಾಸ್ ರೈಲ್ವೆಯ ಹಾದಿಯೂ ಆ ವರ್ಷ ರಾಯಚೂರಿನಲ್ಲಿ ಬಂದು ಕೂಡಿದವು. ನಿಜಾಮರ ಸೀಮೆಯಲ್ಲಿದ್ದ ಈ ಕೋಟೆಯೂರು, ಎರಡು ಸಮುದ್ರತೀರಗಳ ಮಹಾನಗರಗಳನ್ನು ಜೋಡಿಸುವ ಗಂಟಾಯಿತು. ಆ ದಿನಗಳಲ್ಲಿ ರೈಲುಬಂಡಿಯನ್ನು ಓಡಿಸುವುದು ಸುಲಭವಾಗಿತ್ತು; ನಿಲ್ಲಿಸುವುದು ಕಷ್ಟವಾಗಿತ್ತು. ಎಂಜಿನಿಗೆ ಒಂದು ಬ್ರೇಕು, ಹಿಂಗಡೆಯ ಡಬ್ಬಿಯಲ್ಲಿ ಗಾರ್ಡಿನ ಕೈಯಲ್ಲಿ ಒಂದು ಬ್ರೇಕು ಇರುತ್ತಿದ್ದವು. ಅಮೇರಿಕದಲ್ಲಾದರೋ ಬ್ರೇಕಿನ ಆಳುಗಳು ಓಡುವ ಬಂಡಿಯ ಮಾಳಿಗೆಯ ಮೇಲೆ ಡಬ್ಬಿಯಿಂದ ಡಬ್ಬಿಗೆ ಹಾರುತ್ತ, ಒಂದೊಂದು ಡಬ್ಬಿಯ ಚಕ್ರವನ್ನು ಕೈಯಿಂದ ತಿರುಗಿಸಿ ಬಿಗಿಯುತ್ತಿದ್ದರು. ಮಂಜು ಬಿದ್ದ ರಾತ್ರಿ ಕಾಲು ಜಾರಿ ಸತ್ತವರು ಎಷ್ಟೋ ಮಂದಿ. ಚಾಲಕನು ಅಪಾಯವನ್ನು ಕಂಡು ಸೀಟಿ ಊದಿದ ಮೇಲೆ ಈ ಆಳುಗಳೆಲ್ಲರೂ ತಮ್ಮ ಕೆಲಸವನ್ನು ಮುಗಿಸುವಷ್ಟರಲ್ಲಿ ಬಂಡಿಯು ಬಹುದೂರ ಹೋಗಿಬಿಡುತ್ತಿತ್ತು.

ಜಾರ್ಜ್ ವೆಸ್ಟಿಂಗ್‌ಹೌಸನು 1846ನೆಯ ಇಸವಿ ಅಕ್ಟೋಬರ್ 6ರಂದು ಅಮೇರಿಕದ ನ್ಯೂಯಾರ್ಕ್ ಸಂಸ್ಥಾನದ ಸೆಂಟ್ರಲ್ ಬ್ರಿಜ್ ಎಂಬ ಹಳ್ಳಿಯಲ್ಲಿ ಹುಟ್ಟಿದನು. ತಂದೆಯ ಹೆಸರೂ ಜಾರ್ಜನೇ, ತಾಯಿ ಎಮಲೀನಳು. ತಂದೆಯು ಬೇಸಾಯದ ಯಂತ್ರಗಳನ್ನು ಮಾಡುವವನು. ಮಗನು ಹತ್ತು ವರ್ಷದವನಾಗಿದ್ದಾಗ ಕುಟುಂಬವು ಸ್ಕೆನೆಕ್ಟಡಿ ಎಂಬ ಊರಿಗೆ ಬಂದು ನೆಲೆಸಿತು. ಅಲ್ಲಿ ತಂದೆಯು ಕಾರ್ಖಾನೆಯನ್ನಿಟ್ಟನು. ಬಾಲಕನಿಗೆ ಪಾಠಶಾಲೆಯ ಪುಸ್ತಕಗಳಲ್ಲಿ ಅಷ್ಟು ಮನಸ್ಸಿರಲಿಲ್ಲ. ಕಾರ್ಖಾನೆಯ ಮೂಲೆಯಲ್ಲಿ ಕುಳಿತು ಏನಾದರೊಂದನ್ನು ಕೊರೆಯುತ್ತ, ಜೋಡಿಸುತ್ತ, ಬಿಚ್ಚುತ್ತ ಇರುವುದೇ ಅವನ ಸಂತೋಷ. ಇಂತಹ ಮಗನನ್ನು ಕಂಡು ತಂದೆ ತಾಯಿಗಳು ಚಿಂತಿಸಿದ್ದರೆ ಆಶ್ಚರ್ಯವಿಲ್ಲ. ನಮ್ಮ ಪಾಲಕರಲ್ಲಿಯೂ ಕೆಲವರು ಮಗಳಿಗೆ ಅಂಕಗಳು ಕಡಿಮೆ ಬಂದವೆಂದು ಕಣ್ಣೀರಿಡುತ್ತ ಬರುವುದುಂಟು. ಅಂಥವರಿಗೆ ನಾವು ಒಮ್ಮೊಮ್ಮೆ ಈ ಬಾಲಕನ ಮಾತನ್ನು ಹೇಳಿದ್ದೇವೆ.

ಅಮೇರಿಕದಲ್ಲಿ ಅಂತರ್ಯುದ್ಧವು ನಡೆಯುತ್ತಿದ್ದ ಕಾಲವದು. ಹದಿನೈದನೆಯ ವಯಸ್ಸಿನಲ್ಲಿಯೇ ಸೈನ್ಯಕ್ಕೆ ಸೇರಬೇಕೆಂದು ಮನೆಬಿಟ್ಟು ಹೋದ ಹುಡುಗನನ್ನು ತಂದೆಯು ಹಿಂದಕ್ಕೆ ಕರೆತಂದನು. 1863ರಲ್ಲಿ ತಂದೆ ತಾಯಿಗಳ ಒಪ್ಪಿಗೆಯನ್ನು ಪಡೆದು ಅವನು ಕುದುರೆಯ ದಳವನ್ನು ಸೇರಿದನು. ತರುವಾಯ ನೌಕಾಸೈನ್ಯದಲ್ಲಿ ಎಂಜಿನುಗಳ ಕೆಲಸವನ್ನು ನೋಡಿದನು. ಅವನ ಅಣ್ಣ ಆಲ್ಬರ್ಟನು ಅದೇ ಯುದ್ಧದಲ್ಲಿ ಮಡಿದನು. ಯುದ್ಧವು ಮುಗಿದ ಮೇಲೆ ಜಾರ್ಜನು ಯೂನಿಯನ್ ಕಾಲೇಜಿಗೆ ಸೇರಿ, ಕೆಲವೇ ತಿಂಗಳುಗಳಲ್ಲಿ ಬಿಟ್ಟು ತಂದೆಯ ಕಾರ್ಖಾನೆಗೆ ಮರಳಿದನು. 1865ರಲ್ಲಿ, ಹತ್ತೊಂಬತ್ತು ವರ್ಷದವನಾಗಿದ್ದಾಗ, ತಿರುಗುವ ಉಗಿಯಂತ್ರವೊಂದಕ್ಕೆ ಸರಕಾರದಿಂದ ಹಕ್ಕುಪತ್ರವನ್ನು ಪಡೆದನು. ಆ ಯಂತ್ರದಿಂದ ಅವನಿಗೆ ಹೇಳಿಕೊಳ್ಳುವಂತಹ ಲಾಭವಾಗಲಿಲ್ಲ. ಕಂಬಿ ತಪ್ಪಿದ ಡಬ್ಬಿಗಳನ್ನು ತಿರುಗಿ ಕಂಬಿಯ ಮೇಲೆ ಎತ್ತಿ ಇಡುವ ಸಾಧನವೊಂದನ್ನು ಅನಂತರ ಕಂಡುಹಿಡಿದನು. ಹೀಗೆ ಅವನ ಕಣ್ಣು ರೈಲುಹಾದಿಯ ಕಡೆಗೆ ಹೊರಳಿತು.

ಹೀಗಿರಲಾಗಿ 1866ರ ಸುಮಾರಿಗೆ ಸ್ಕೆನೆಕ್ಟಡಿಗೂ ಟ್ರಾಯ್ ಪಟ್ಟಣಕ್ಕೂ ನಡುವೆ ಆತನು ಪ್ರಯಾಣ ಮಾಡುತ್ತಿದ್ದಾಗ ಬಂಡಿಯು ದಾರಿಯಲ್ಲಿಯೇ ನಿಂತುಹೋಯಿತು. ಮುಂದೆ ಎರಡು ಸರಕುಬಂಡಿಗಳು ಎದುರುಬದುರಾಗಿ ಡಿಕ್ಕಿ ಹೊಡೆದು ಕಂಬಿಗಳ ಮೇಲೆಲ್ಲ ಸರಕು ಚೆಲ್ಲಿತ್ತು. ಹಗಲು ಹೊತ್ತು, ತಿಳಿಯಾದ ಆಕಾಶ, ನೆಟ್ಟಗಿರುವ ಸಮತಟ್ಟಾದ ಹಾದಿ. ಇಬ್ಬರು ಚಾಲಕರೂ ಒಬ್ಬರನ್ನೊಬ್ಬರು ದೂರದಿಂದಲೇ ಕಂಡಿದ್ದರು. ಕಂಡರೂ ನಿಲ್ಲಿಸಲು ಆಗಲಿಲ್ಲ. ಸೀಟಿ ಕೂಗಿತು, ಆಳುಗಳು ಚಕ್ರಗಳ ಕಡೆಗೆ ಓಡಿದರು. ಅಷ್ಟರಲ್ಲಿ ಕಾಲ ಮೀರಿತು. ಎಂಜಿನಿನಲ್ಲಿ ನಿಂತ ಒಬ್ಬನ ಕೈಯಿಂದಲೇ ಬಂಡಿಯ ಎಲ್ಲ ಚಕ್ರಗಳನ್ನೂ ಒಂದೇ ಸಲ ಬಿಗಿಯುವಂತಿದ್ದರೆ ಈ ಅನಾಹುತವು ಸಂಭವಿಸುತ್ತಿರಲಿಲ್ಲವೆಂದು ಆ ತರುಣನಿಗೆ ತೋರಿತು. ಬೇರೆ ಪ್ರಯಾಣಿಕರು ತಡವಾಯಿತೆಂದು ಗೊಣಗುತ್ತ ಮನೆಗೆ ಹೋದರು. ಅವನು ಆ ಯೋಚನೆಯನ್ನು ಜೊತೆಯಲ್ಲಿ ತೆಗೆದುಕೊಂಡು ಹೋದನು.

ಮೊದಲು ಸರಪಳಿಯಿಂದ ಬ್ರೇಕುಗಳನ್ನು ಎಳೆಯುವ ಉಪಾಯವನ್ನು ಯೋಚಿಸಿದನು. ಉದ್ದವಾದ ಬಂಡಿಗೆ ಅದು ಹೊಂದಲಿಲ್ಲ. ಎಂಜಿನಿನ ಉಗಿಯನ್ನೇ ಕೊಳವೆಯ ಮೂಲಕ ಹಿಂದಕ್ಕೆ ಕಳುಹಿಸೋಣವೆಂದರೆ, ಉಗಿಯು ದಾರಿಯಲ್ಲಿ ತಣ್ಣಗಾಗಿ ನೀರಾಗಿಬಿಡುವುದು. ಆ ಸಮಯದಲ್ಲಿ ಒಬ್ಬ ತರುಣಿಯು ನಿಯತಕಾಲಿಕವೊಂದಕ್ಕೆ ಚಂದಾದಾರರನ್ನು ಕೂಡಿಸುತ್ತ ಕಾರ್ಖಾನೆಗೆ ಬಂದಳೆಂದೂ, ಜಾರ್ಜನು ಆಕೆಯ ಮೇಲಿನ ದಾಕ್ಷಿಣ್ಯದಿಂದಲೇ ಚಂದಾ ಕೊಟ್ಟನೆಂದೂ ಅವನ ಚರಿತ್ರಕಾರರು ಹೇಳುತ್ತಾರೆ. ಆ ಪತ್ರಿಕೆಯ ಒಂದು ಸಂಚಿಕೆಯಲ್ಲಿ, ಫ್ರಾನ್ಸ್ ಇಟಲಿಗಳ ನಡುವೆ ಆಲ್ಪ್ಸ್ ಪರ್ವತವನ್ನು ಕೊರೆದು ಮಾಡುತ್ತಿದ್ದ ಮಾಂಟ್ ಸೆನಿಸ್ ಸುರಂಗದ ವರ್ಣನೆಯಿತ್ತು. ಅಲ್ಲಿ ಅದುಮಿದ ಗಾಳಿಯನ್ನು ಸಾವಿರಾರು ಅಡಿಗಳ ಕೊಳವೆಯಲ್ಲಿ ಒಳಕ್ಕೆ ಕಳುಹಿಸಿ ಬಂಡೆ ಕೊರೆಯುವ ಯಂತ್ರಗಳನ್ನು ನಡೆಯಿಸುತ್ತಿದ್ದರು. ಓದಿದೊಡನೆಯೇ ಅವನ ತೊಡಕು ಬಿಡಿಸಿತು. ಗಾಳಿಯು ತಣ್ಣಗಾದರೆ ನೀರಾಗುವುದಿಲ್ಲ. ಬಂಡೆಯನ್ನು ಕೊರೆಯಬಲ್ಲ ಗಾಳಿಯು ಚಕ್ರವನ್ನು ಹಿಡಿಯಲಾರದೆ? ಮನೆ ಮನೆಗೆ ಅಲೆದು ಪತ್ರಿಕೆ ಹಂಚಿದ ಆ ತರುಣಿಗೆ ತಾನು ಎಂತಹ ಉಪಕಾರ ಮಾಡಿದೆನೆಂಬುದು ತಿಳಿಯಿತೋ ಇಲ್ಲವೋ. ಒಳ್ಳೆಯ ಓದನ್ನು ಇನ್ನೊಬ್ಬರ ಕೈಗೆ ಮುಟ್ಟಿಸುವ ಕೆಲಸದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಇದನ್ನು ನೆನಪಿನಲ್ಲಿಡಲಿ.

1867ರ ಆಗಸ್ಟ್ 8ರಂದು ಆತನು ಮಾರ್ಗರೆಟ್ ವಾಕರ್ ಎಂಬ ಕನ್ಯೆಯನ್ನು ಮದುವೆಯಾದನು. ಇವರಿಬ್ಬರೂ ಮೊದಲು ಸಂಧಿಸಿದ್ದು ಒಂದು ರೈಲುಬಂಡಿಯಲ್ಲಿಯೇ. ಮರುವರ್ಷ ಪಿಟ್ಸ್‌ಬರ್ಗ್ ಪಟ್ಟಣಕ್ಕೆ ಬಂದು, ತನ್ನ ಗಾಳಿಯ ಬ್ರೇಕನ್ನು ಕೊಳ್ಳುವವರನ್ನು ಹುಡುಕತೊಡಗಿದನು. ಗಾಳಿಯಿಂದ ರೈಲನ್ನು ನಿಲ್ಲಿಸುವ ಮಾತನ್ನು ಕೇಳಿದ ದೊಡ್ಡ ದೊಡ್ಡ ರೈಲ್ವೆ ಅಧಿಕಾರಿಗಳು ನಕ್ಕರು. ರ್‍ಯಾಲ್ಫ್ ಬ್ಯಾಗಲಿ ಎಂಬ ಗೆಳೆಯನು ಮಾತ್ರ ನಂಬಿ ಹಣದ ಸಹಾಯ ಮಾಡಿದನು. ಕಡೆಗೆ ಒಂದು ರೈಲ್ವೆಯವರು ಪರೀಕ್ಷೆಗೆ ಒಂದು ಬಂಡಿಯನ್ನು ಕೊಡಲು ಒಪ್ಪಿದರು. ಆದರೆ ಸಾಮಾನುಗಳ ವೆಚ್ಚವೂ ಬಂಡಿಗೆ ಹಾನಿಯಾದರೆ ಅದರ ಹೊಣೆಯೂ ಆತನದೇ ಎಂದು ಷರತ್ತು ಹಾಕಿದರು.

ಪರೀಕ್ಷೆಯ ದಿನ ಬಂಡಿಯು ಪಿಟ್ಸ್‌ಬರ್ಗಿನ ಸುರಂಗವೊಂದನ್ನು ದಾಟಿ ಹೊರಕ್ಕೆ ಬಂದಿತು. ಎದುರಿನ ದಾಟುಹಾದಿಯಲ್ಲಿ ಒಬ್ಬ ಗಾಡಿಯವನು ಅವಸರವಾಗಿ ಕಂಬಿಯನ್ನು ದಾಟಲು ಹೋಗಿ, ಕುದುರೆಗಳು ಬೆದರಿದ್ದರಿಂದ ಕಂಬಿಗಳ ಮೇಲೆಯೇ ಎಸೆಯಲ್ಪಟ್ಟಿದ್ದನು. ಚಾಲಕ ಡೇನಿಯಲ್ ಟೇಟನು ಹೊಸ ಹಿಡಿಯನ್ನು ತಿರುಗಿಸಿದನು. ಬಂಡಿಯಲ್ಲಿದ್ದ ಅಧಿಕಾರಿಗಳು ತಮ್ಮ ಆಸನಗಳಿಂದ ಮುಗ್ಗರಿಸಿ ಬಿದ್ದರು. ಸಿಟ್ಟಿನಿಂದ ಕೆಳಗಿಳಿದು ನೋಡಿದರೆ, ಬಿದ್ದ ಮನುಷ್ಯನಿಗೆ ಕೆಲವೇ ಅಡಿಗಳ ದೂರದಲ್ಲಿ ಎಂಜಿನು ನಿಂತಿತ್ತು. ಹೀಗೆ ಗಾಳಿಯ ಬ್ರೇಕಿನ ಮೊದಲನೆಯ ಪ್ರಯಾಣದಲ್ಲಿಯೇ ಒಂದು ಜೀವವು ಉಳಿಯಿತು. 1869ರ ಏಪ್ರಿಲ್ 13ರಂದು ಹಕ್ಕುಪತ್ರವು ದೊರೆಯಿತು. ಅದೇ ವರ್ಷ ಬ್ರೇಕುಗಳನ್ನು ತಯಾರಿಸುವ ಕಂಪೆನಿಯು ಸ್ಥಾಪಿಸಲ್ಪಟ್ಟಿತು. ಆಗ ಆತನಿಗೆ ಇಪ್ಪತ್ತಮೂರು ವರ್ಷಗಳೂ ತುಂಬಿರಲಿಲ್ಲ.

ಇಷ್ಟಕ್ಕೇ ತೃಪ್ತನಾಗಿದ್ದರೆ ವೆಸ್ಟಿಂಗ್‌ಹೌಸನು ಜಾಣನಾದ ಒಬ್ಬ ವ್ಯಾಪಾರಿಯಾಗಿ ಉಳಿಯುತ್ತಿದ್ದನು. ಆದರೆ ತನ್ನ ಬ್ರೇಕಿನಲ್ಲಿರುವ ಒಂದು ಘೋರವಾದ ದೋಷವನ್ನು ಆತನು ತಾನೇ ಕಂಡನು. ಮೊದಲನೆಯ ಬ್ರೇಕಿನಲ್ಲಿ, ನಿಲ್ಲಿಸಬೇಕಾದಾಗ ಎಂಜಿನಿನಿಂದ ಗಾಳಿಯನ್ನು ಕೊಳವೆಯೊಳಕ್ಕೆ ಕಳುಹಿಸಬೇಕಾಗಿತ್ತು. ಕೊಳವೆಯು ಒಡೆದರೆ? ಎರಡು ಡಬ್ಬಿಗಳ ನಡುವಣ ಕೊಂಡಿಯು ಕಳಚಿದರೆ? ಆಗ ಗಾಳಿಯು ಹಿಂದಿನ ಡಬ್ಬಿಗಳನ್ನು ಮುಟ್ಟಲಾರದು. ಬ್ರೇಕು ಇದ್ದೂ ಇಲ್ಲದಂತೆಯೇ. ಯಾವ ಗಳಿಗೆಯಲ್ಲಿ ಬೇಕೋ ಆ ಗಳಿಗೆಯಲ್ಲಿಯೇ ಅದು ಕೈಬಿಡುವುದು. ಆದಕಾರಣ 1872ರಲ್ಲಿ ಆತನು ಎಲ್ಲವನ್ನೂ ತಲೆಕೆಳಗು ಮಾಡಿದನು. ಬಂಡಿಯು ಓಡುವಾಗಲೆಲ್ಲ ಕೊಳವೆಯಲ್ಲಿ ಗಾಳಿಯು ತುಂಬಿರಬೇಕು. ಒಂದೊಂದು ಡಬ್ಬಿಯ ಕೆಳಗೂ ಗಾಳಿಯ ಒಂದು ತೊಟ್ಟಿಯಿರಬೇಕು. ಕೊಳವೆಯ ಒತ್ತಡವು ತಗ್ಗಿದೊಡನೆಯೇ ತೊಟ್ಟಿಯ ಗಾಳಿಯು ತಾನಾಗಿಯೇ ನುಗ್ಗಿ ಚಕ್ರಗಳನ್ನು ಹಿಡಿಯಬೇಕು. ಇದನ್ನು ನಡೆಯಿಸುವುದಕ್ಕಾಗಿ ಮೂರು ಕೆಲಸಗಳನ್ನು ಮಾಡುವ ಒಂದು ಕವಾಟವನ್ನು ರಚಿಸಿದನು. ಅಂದಿನಿಂದ ಚಾಲಕನು ಗಾಳಿಯನ್ನು ಬಿಟ್ಟರೂ ಬಂಡಿಯು ನಿಲ್ಲುವುದು, ಕೊಳವೆ ಒಡೆದರೂ ನಿಲ್ಲುವುದು, ಡಬ್ಬಿಗಳು ಕಳಚಿಕೊಂಡರೆ ಎರಡು ಭಾಗಗಳೂ ತಮ್ಮಷ್ಟಕ್ಕೆ ತಾವೇ ನಿಲ್ಲುವುವು.

ಇದು ಬಾಲಿಕೆಯರಿಗೆ ಸುಲಭವಾಗಿ ತಿಳಿಯಲೆಂದು ನಾವು ತರಗತಿಯಲ್ಲಿ ನಮ್ಮ ಬೋರ್ಡಿಂಗಿನ ಕಾವಲುಗಾರನ ಉದಾಹರಣೆಯನ್ನು ಕೊಡುವೆವು. ಕಳ್ಳನು ಬಂದಾಗ ಗಂಟೆ ಬಾರಿಸೆಂದು ಕಾವಲುಗಾರನಿಗೆ ಹೇಳಿದೆವೆಂದು ಇಟ್ಟುಕೊಳ್ಳೋಣ. ಅವನು ನಿದ್ದೆ ಹೋದರೆ ಗಂಟೆಯ ಸದ್ದಿಲ್ಲ. ನಾವೂ ಕ್ಷೇಮವೆಂದು ತಿಳಿದು ಮಲಗಿರುವೆವು. ಅದರ ಬದಲು ಎಲ್ಲವೂ ಕ್ಷೇಮವಾಗಿದ್ದರೆ ತಾಸಿಗೊಂದು ಸಾರಿ ಗಂಟೆ ಬಾರಿಸೆಂದು ಹೇಳಿದರೆ? ಅವನು ನಿದ್ದೆ ಹೋಗಲಿ, ಕಾಯಿಲೆ ಬೀಳಲಿ, ಗಂಟೆಯ ಹಗ್ಗವೇ ಹರಿಯಲಿ, ಸದ್ದು ಕೇಳಿಸದಿದ್ದೊಡನೆಯೇ ಮೇಟ್ರನ್ನರು ದೀಪ ಹಿಡಿದು ಎದ್ದು ಬರುವರು. ಮೊದಲನೆಯ ಏರ್ಪಾಡಿನಲ್ಲಿ ಮೌನಕ್ಕೆ ಕ್ಷೇಮವೆಂದು ಅರ್ಥ. ಎರಡನೆಯದರಲ್ಲಿ ಮೌನಕ್ಕೆ ಅಪಾಯವೆಂದು ಅರ್ಥ. ವೆಸ್ಟಿಂಗ್‌ಹೌಸನು ರೈಲುಬಂಡಿಗೆ ಈ ಎರಡನೆಯ ಏರ್ಪಾಡನ್ನು ಕೊಟ್ಟನು. ಯಂತ್ರವು ಎಂದಾದರೊಂದು ದಿನ ಕೆಟ್ಟೇ ಕೆಡುವುದು. ಕೆಟ್ಟಾಗ ಅದು ನಿಲ್ಲುವ ಕಡೆಗೆ ಕೆಡಬೇಕೇ ಹೊರತು ಓಡುವ ಕಡೆಗೆ ಕೆಡಬಾರದು. ಆತನ ಜೀವನದಿಂದ ನಾವು ಕಲಿಯತಕ್ಕ ಮುಖ್ಯವಾದ ಪಾಠವು ಇದೇ.

ಪ್ರಯಾಣಿಕರ ಬಂಡಿಗಳಲ್ಲಿ ಈ ಬ್ರೇಕು ಹರಡಿತು. ಆದರೆ ಉದ್ದವಾದ ಸರಕುಬಂಡಿಗಳಿಗೆ ಒಗ್ಗಲಿಲ್ಲ. 1886ರಲ್ಲಿಯೂ 1887ರಲ್ಲಿಯೂ ಅಯೋವ ಸಂಸ್ಥಾನದ ಬರ್ಲಿಂಗ್ಟನ್ ಎಂಬಲ್ಲಿ ಐವತ್ತು ಡಬ್ಬಿಗಳ ಬಂಡಿಗಳನ್ನಿಟ್ಟು ಬಹಿರಂಗ ಪರೀಕ್ಷೆಗಳನ್ನು ನಡೆಯಿಸಿದರು. ಮುಂದಿನ ಡಬ್ಬಿಗಳು ಹಿಡಿದು ನಿಂತ ಮೇಲೆ ಹಿಂದಿನವಕ್ಕೆ ಗಾಳಿಯ ಸುದ್ದಿಯು ತಡವಾಗಿ ಮುಟ್ಟಿದ್ದರಿಂದ, ಅವು ಮುನ್ನುಗ್ಗಿ ಬಂದು ಭಯಂಕರವಾಗಿ ಅಪ್ಪಳಿಸಿದವು. ಎಲ್ಲರೆದುರಿಗೂ ಸೋತ ವೆಸ್ಟಿಂಗ್‌ಹೌಸನು ಪರೀಕ್ಷಕರನ್ನು ದೂರಲಿಲ್ಲ; ಕವಾಟವನ್ನು ಬಿಚ್ಚಿ ತಿರುಗಿ ಕೆಲಸಕ್ಕೆ ಕುಳಿತನು. ಕೆಲವೇ ತಿಂಗಳುಗಳಲ್ಲಿ, ಒಂದೊಂದು ಡಬ್ಬಿಯೂ ತನ್ನ ಹಿಂದಿನ ಡಬ್ಬಿಗೆ ಥಟ್ಟನೆ ಸುದ್ದಿ ಮುಟ್ಟಿಸುವಂತೆ ಕವಾಟವನ್ನು ತಿದ್ದಿ, ಐವತ್ತು ಡಬ್ಬಿಗಳ ಬಂಡಿಯನ್ನು ಊರೂರಿಗೆ ಓಡಿಸಿ ತೋರಿಸಿದನು. 1893ರಲ್ಲಿ ಅಮೇರಿಕದ ಸರಕಾರವು, ಚಾಲಕನ ಕೈಯಿಂದಲೇ ನಡೆಯುವ ಬ್ರೇಕುಗಳು ಬಂಡಿಗಳಲ್ಲಿರಬೇಕೆಂದು ಕಾನೂನು ಮಾಡಿತು. ಓಡುವ ಬಂಡಿಯ ಮಾಳಿಗೆಯ ಮೇಲೆ ಪ್ರಾಣವನ್ನು ಕೈಯಲ್ಲಿ ಹಿಡಿದು ಹಾರುವ ಕೆಲಸವು ಕ್ರಮೇಣ ನಿಂತುಹೋಯಿತು.

ಈ ನಡುವೆ ಸಮುದ್ರದ ಆಚೆ ನಡೆದ ಒಂದು ದುಃಖದ ಸಂಗತಿಯನ್ನು ಹೇಳದೆ ಈ ಚರಿತ್ರೆಯು ಪೂರ್ತಿಯಾಗದು. 1889ರ ಜೂನ್ 12ರಂದು ಐರ್ಲೆಂಡಿನ ಆರ್ಮಾ ಪಟ್ಟಣದ ಸಂಡೇ ಸ್ಕೂಲಿನ ಮಕ್ಕಳು ತಮ್ಮ ಉಪಾಧ್ಯಾಯರೊಡನೆಯೂ ತಂದೆ ತಾಯಿಗಳೊಡನೆಯೂ ಸಮುದ್ರತೀರದ ವಾರನ್‌ಪಾಯಿಂಟಿಗೆ ಪ್ರವಾಸ ಹೊರಟರು. ಸುಮಾರು 940 ಜನರು ತುಂಬಿದ ಬಂಡಿಯು ಏರಿನಲ್ಲಿ ಹತ್ತಲಾರದೆ ನಿಂತಿತು. ಅರ್ಧ ಬಂಡಿಯನ್ನು ಮೊದಲು ಮೇಲಕ್ಕೆ ಒಯ್ದು ಬರೋಣವೆಂದು ಹಿಂದಿನ ಹತ್ತು ಡಬ್ಬಿಗಳನ್ನು ಕಳಚಿದರು. ಆ ಬಂಡಿಗೆ ಬ್ರೇಕು ಇತ್ತು. ಆದರೆ ಅದು ಕಳಚಿದರೆ ಸಡಿಲವಾಗುವ ಜಾತಿಯದು. ಹಿಂದಿನ ಡಬ್ಬಿಗಳನ್ನು ಹಿಡಿದದ್ದು ಒಂದು ಕೈಬ್ರೇಕು, ಚಕ್ರಗಳಿಗೆ ಒಡ್ಡಿದ ಕೆಲವು ಕಲ್ಲುಗಳು, ಇಷ್ಟೇ. ಮುಂದಿನ ಭಾಗವು ಹೊರಡುವಾಗ ಸ್ವಲ್ಪ ಹಿಂದಕ್ಕೆ ತಾಕಿತು, ಕಲ್ಲುಗಳು ಪುಡಿಯಾದವು. ಹತ್ತು ಡಬ್ಬಿಗಳು ಇಳಿಜಾರಿನಲ್ಲಿ ಹಿಂದಕ್ಕೆ ಉರುಳಿ, ಹಿಂದೆ ಬರುತ್ತಿದ್ದ ಇನ್ನೊಂದು ಬಂಡಿಗೆ ಬಡಿದವು. ಸುಮಾರು 80 ಮಂದಿ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು. ಆ ಬಂಡಿಗೆ ವೆಸ್ಟಿಂಗ್‌ಹೌಸನು ತೋರಿಸಿದ ರೀತಿಯ ಬ್ರೇಕಿದ್ದಿದ್ದರೆ, ಕಳಚಿದ ಆ ಗಳಿಗೆಯಲ್ಲಿಯೇ ಚಕ್ರಗಳು ಬಿಗಿದುಕೊಂಡು ಡಬ್ಬಿಗಳು ಇದ್ದಲ್ಲಿಯೇ ನಿಲ್ಲುತ್ತಿದ್ದವು. ಮೂರು ತಿಂಗಳು ಕಳೆಯುವುದರೊಳಗಾಗಿ ಬ್ರಿಟಿಷ್ ಪಾರ್ಲಿಮೆಂಟು, ಪ್ರಯಾಣಿಕರ ಬಂಡಿಗಳೆಲ್ಲಕ್ಕೂ ತಾನಾಗಿಯೇ ಹಿಡಿಯುವ ಬ್ರೇಕು ಇರಲೇಬೇಕೆಂದು ಶಾಸನ ಮಾಡಿತು. ಮಕ್ಕಳ ಸಾಲನ್ನು ಎರಡು ಸಾರಿ ಎಣಿಸಿ ಬಂಡಿ ಹತ್ತಿಸುವ ನಮಗೆ, ಆ ಉಪಾಧ್ಯಾಯರೂ ಆ ಮುಂಜಾನೆ ಹಾಗೆಯೇ ಎಣಿಸಿರಬೇಕೆಂಬುದು ಮರೆಯಲಾಗದು.

ಬ್ರೇಕು ಎಷ್ಟು ಒಳ್ಳೆಯದಾಗಿದ್ದರೂ ಅದನ್ನು ಹಾಕಬೇಕೆಂದು ಚಾಲಕನಿಗೆ ತಿಳಿಯಬೇಕಷ್ಟೆ. ಆದಕಾರಣ ವೆಸ್ಟಿಂಗ್‌ಹೌಸನು ಕೈಮರಗಳ ಕಡೆಗೂ ಗಮನ ಕೊಟ್ಟು, 1881ರಲ್ಲಿ ಯೂನಿಯನ್ ಸ್ವಿಚ್ ಅಂಡ್ ಸಿಗ್ನಲ್ ಎಂಬ ಕಂಪೆನಿಯನ್ನು ಕಟ್ಟಿದನು. ವಿಲಿಯಂ ರಾಬಿನ್ಸನ್ ಎಂಬಾತನು 1872ರಲ್ಲಿ ಕಂಡುಹಿಡಿದ ಒಂದು ಉಪಾಯವು ಆ ಕಂಪೆನಿಯ ವಶಕ್ಕೆ ಬಂದಿತು. ಕಂಬಿಗಳಲ್ಲಿ ಸದಾ ಸ್ವಲ್ಪ ವಿದ್ಯುತ್ತನ್ನು ಹರಿಸುವುದು. ಅದು ಹರಿಯುತ್ತಿರುವಷ್ಟು ಕಾಲ ಹಾದಿಯು ತೆರವಾಗಿದೆಯೆಂದು ಕೈಮರವು ತೋರಿಸುವುದು. ಬಂಡಿಯ ಚಕ್ರಗಳು ಬಂದು ಆ ಹರಿವನ್ನು ತಮ್ಮ ಮೂಲಕ ತಿರುಗಿಸಿಕೊಂಡೊಡನೆಯೇ ಕೈಮರವು ನಿಲ್ಲೆಂದು ಹೇಳುವುದು. ಕಂಬಿಯು ಮುರಿದರೂ, ತಂತಿಯು ಹರಿದರೂ, ವಿದ್ಯುತ್ತು ಮುಗಿದರೂ ಕೈಮರವು ಅಪಾಯವನ್ನೇ ತೋರಿಸುವುದು. ನಮ್ಮ ಕಾವಲುಗಾರನ ಗಂಟೆಯ ನೀತಿಯೇ ಇದು.

ಇನ್ನೂ ಒಂದು ಮೆಟ್ಟಿಲು ಉಳಿದಿತ್ತು. ಕೈಮರವು ಅಪಾಯವನ್ನು ತೋರಿಸಿದರೂ ಚಾಲಕನು ಅದನ್ನು ನೋಡದಿದ್ದರೆ? 1904ರಲ್ಲಿ ನ್ಯೂಯಾರ್ಕ್ ನಗರದ ನೆಲದಡಿಯ ರೈಲು ಪ್ರಾರಂಭವಾದಾಗ ಅಲ್ಲಿ ಕಂಬಿಯ ಪಕ್ಕದಲ್ಲಿ ಒಂದು ಕಬ್ಬಿಣದ ತೋಳನ್ನು ಇಟ್ಟಿದ್ದರು. ಸಂಕೇತವು ಕೆಂಪಾಗಿದ್ದಾಗ ಆ ತೋಳು ಮೇಲಕ್ಕೆ ನಿಂತಿರುವುದು. ಬಂಡಿಯು ಮೀರಿ ಮುಂದೆ ಹೋದರೆ ತೋಳು ಬಂಡಿಯ ಕವಾಟಕ್ಕೆ ತಗಲಿ ಗಾಳಿಯನ್ನು ಹೊರಕ್ಕೆ ಬಿಡುವುದು. ಬಂಡಿಯು ತಾನೇ ನಿಲ್ಲುವುದು. ಇದರಲ್ಲಿ ಕೈಮರವೂ ಬ್ರೇಕೂ ನಡುವೆ ಮನುಷ್ಯನಿಲ್ಲದೆ ಒಂದರೊಡನೊಂದು ಮಾತಾಡಿದವು. ಈಗ ರೈಲುಗಳ ಸ್ವಯಂಚಾಲಿತ ರಕ್ಷಣೆಯೆಂದು ಯಾವುದನ್ನು ಕರೆಯುತ್ತಾರೋ ಅದರ ಬೀಜವು ಇದೇ. ಬಂಡಿಯನ್ನು ನಿಲ್ಲಿಸಲು ಅಲ್ಲಿ ಹೊಸ ಶಕ್ತಿಯೇನೂ ಬೇಕಾಗಲಿಲ್ಲ. ಗಾಳಿಯನ್ನು ಹೊರಕ್ಕೆ ಬಿಟ್ಟರೆ ಸಾಕಾಗಿತ್ತು. ಬಂಡಿಯು ನಿಲ್ಲುವಂತೆ ವೆಸ್ಟಿಂಗ್‌ಹೌಸನು ಮೂವತ್ತೆರಡು ವರ್ಷಗಳ ಹಿಂದೆಯೇ ಅಣಿ ಮಾಡಿಟ್ಟಿದ್ದನು.

ಆತನ ಉಳಿದ ಜೀವನವನ್ನು ಸಂಕ್ಷೇಪವಾಗಿ ಹೇಳುವೆವು. 1888ರಲ್ಲಿ ನಿಕೊಲಾ ಟೆಸ್ಲಾ ಎಂಬ ವಿಜ್ಞಾನಿಯ ಹಕ್ಕುಪತ್ರಗಳನ್ನು ಪಡೆದು, ಪರ್ಯಾಯ ವಿದ್ಯುತ್ತನ್ನು ದೂರ ದೂರಕ್ಕೆ ಸಾಗಿಸುವ ಕಾರ್ಯವನ್ನು ಕೈಕೊಂಡನು. 1893ರ ಶಿಕಾಗೋ ಪ್ರದರ್ಶನವನ್ನು ಆತನ ದೀಪಗಳು ಬೆಳಗಿಸಿದವು. ನಯಾಗರ ಜಲಪಾತದ ವಿದ್ಯುದಾಗಾರಕ್ಕೆ ಆತನ ಯಂತ್ರಗಳು ಹೋದವು. ಇಂದು ನಮ್ಮ ಮನೆಗಳಲ್ಲಿ ಉರಿಯುವ ದೀಪಕ್ಕೆ ವಿದ್ಯುತ್ತು ಬರುವ ಕ್ರಮವೂ ಅದೇ. ಕೆಲಸಗಾರರಿಗೆ ಶನಿವಾರ ಮಧ್ಯಾಹ್ನ ಬಿಡುವು ಕೊಟ್ಟ ಮೊದಲಿಗರಲ್ಲಿ ಆತನು ಒಬ್ಬನು. ಹೀಗಿದ್ದರೂ 1907ರಲ್ಲಿ ಅಮೇರಿಕದಲ್ಲಿ ಹಣದ ಮುಗ್ಗಟ್ಟು ಉಂಟಾದಾಗ ತಾನು ಕಟ್ಟಿದ ವಿದ್ಯುತ್ ಕಂಪೆನಿಯ ಆಡಳಿತವು ಆತನ ಕೈಯಿಂದ ಜಾರಿತು. ಆ ಪೆಟ್ಟನ್ನು ನುಂಗಿಕೊಂಡು ದುಡಿಯುತ್ತಲೇ ಇದ್ದು, 1914ರ ಮಾರ್ಚ್ 12ರಂದು ನ್ಯೂಯಾರ್ಕ್ ನಗರದಲ್ಲಿ ಕಾಲವಾದನು. ಹಿಂದೆ ಯುದ್ಧದಲ್ಲಿ ಸೇವೆ ಮಾಡಿದವನಾದ್ದರಿಂದ ಆರ್ಲಿಂಗ್ಟನ್ನಿನ ರಾಷ್ಟ್ರೀಯ ಶ್ಮಶಾನದಲ್ಲಿ ಆತನ ಸಮಾಧಿಯಾಯಿತು. ಆತನ ಹೆಸರಿನಲ್ಲಿದ್ದ ಹಕ್ಕುಪತ್ರಗಳು 361.

ನಮ್ಮ ದೇಶದಲ್ಲಿ ಬಹುಕಾಲ ನಿರ್ವಾತ ಬ್ರೇಕುಗಳೇ ನಡೆದವು. ಅವೂ ಕೆಟ್ಟರೆ ನಿಲ್ಲಿಸುವ ಜಾತಿಯವೇ. ತರುವಾಯ ಗಾಳಿಯ ಬ್ರೇಕುಗಳು ಅವುಗಳ ಸ್ಥಾನಕ್ಕೆ ಬಂದವು. ಹೀಗೆ ಬ್ರೇಕು ಒಳ್ಳೆಯದಾಯಿತು, ಕೈಮರವೂ ಒಳ್ಳೆಯದಾಯಿತು. ಅವೆರಡರ ನಡುವಣ ಮನುಷ್ಯನ ಕಣ್ಣು ಮಾತ್ರ ಮೊದಲಿನಂತೆಯೇ ಉಳಿಯಿತು. 2012ರ ಮೇ 22ರ ನಸುಕಿನಲ್ಲಿ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುತ್ತಿದ್ದ ಹಂಪಿ ಎಕ್ಸ್‌ಪ್ರೆಸ್ ಬಂಡಿಯು ಪೆನುಕೊಂಡ ನಿಲ್ದಾಣದಲ್ಲಿ ನಿಲ್ಲತಕ್ಕ ಸಂಕೇತವನ್ನು ದಾಟಿ, ನಿಂತಿದ್ದ ಸರಕುಬಂಡಿಗೆ ಬಡಿಯಿತು. ಸುಮಾರು 25 ಮಂದಿ ಮಡಿದರು. ನಮ್ಮ ಸೀಮೆಯ ಜನರು ದಿನವೂ ಹತ್ತುವ ಬಂಡಿಗಳಂಥದೇ ಅದೊಂದು ಬಂಡಿ. ಬೆಳಗಾದರೆ ಬೆಂಗಳೂರನ್ನು ಕಾಣುವೆವೆಂದು ಮಲಗಿದ್ದ ಜನರು ಅವರು. ದೇವದುರ್ಗದ ತಾಯಿ ಕೇಳಿದ ಪ್ರಶ್ನೆಯು ಬರಿಯ ಹೆಂಗಸಿನ ಭಯವೆಂದು ಇನ್ನು ಯಾರು ಹೇಳಬಲ್ಲರು?

ಈ ಪ್ರಶ್ನೆಗೆ ಉತ್ತರವಾಗಿ ನಮ್ಮ ರೈಲ್ವೆಯ ಸಂಶೋಧನಾ ಸಂಸ್ಥೆಯವರು ಇಲ್ಲಿಯ ಕಾರ್ಖಾನೆಗಳ ಸಹಾಯದಿಂದ ಕವಚ್ ಎಂಬ ಏರ್ಪಾಡನ್ನು ರಚಿಸಿದ್ದಾರೆ. ಅದರ ಪರೀಕ್ಷೆಗಳು ದೂರದಲ್ಲೆಲ್ಲೋ ನಡೆಯಲಿಲ್ಲ. ನಮ್ಮ ನೆರೆಯಲ್ಲಿಯೇ, ಲಿಂಗಂಪಲ್ಲಿ, ವಿಕಾರಾಬಾದ್, ವಾಡಿ ಹಾದಿಯಲ್ಲಿಯೂ ವಿಕಾರಾಬಾದ್, ಬೀದರ ಹಾದಿಯಲ್ಲಿಯೂ ನಡೆದವು. ರಾಯಚೂರಿನಿಂದ ಮುಂಬಯಿಯ ಕಡೆಗೆ ಹೋಗುವವರು ಕೃಷ್ಣೆಯನ್ನು ದಾಟಿ, ಯಾದಗಿರಿಯನ್ನು ಕಳೆದು ಸೇರುವ ಜಂಕ್ಷನ್ನೇ ಈ ವಾಡಿ. 2016ರ ಫೆಬ್ರವರಿಯಲ್ಲಿ ಪ್ರಯಾಣಿಕರ ಬಂಡಿಗಳ ಮೇಲೆ ಪರೀಕ್ಷೆಗಳು ಪ್ರಾರಂಭವಾದವು. 2020ರಲ್ಲಿ ಇದನ್ನೇ ಇಡೀ ದೇಶದ ರಕ್ಷಣಾ ಕ್ರಮವೆಂದು ಅಂಗೀಕರಿಸಲಾಯಿತು. ಕಂಬಿಗಳ ನಡುವೆ ಅಲ್ಲಲ್ಲಿ ಇಟ್ಟ ಗುರುತಿನ ಬಿಲ್ಲೆಗಳು ಎಂಜಿನಿಗೆ ಅದು ಇರುವ ಸ್ಥಳವನ್ನು ತಿಳಿಸುವುವು. ನಿಲ್ದಾಣದ ಯಂತ್ರವು ರೇಡಿಯೋ ಮೂಲಕ ಮುಂದಿನ ಸಂಕೇತವನ್ನು ತಿಳಿಸುವುದು. ಚಾಲಕನು ವೇಗವನ್ನು ತಗ್ಗಿಸದಿದ್ದರೆ ಯಂತ್ರವು ಮೊದಲು ಎಚ್ಚರಿಸುವುದು, ಆಮೇಲೆ ತಾನೇ ಬ್ರೇಕು ಹಾಕುವುದು. 2022ರ ಮಾರ್ಚ್ 4ರಂದು ಗುಲ್ಲಗುಡ, ಚಿಟಗಿಡ್ಡ ಎಂಬ ನಿಲ್ದಾಣಗಳ ನಡುವೆ ಒಂದೇ ಕಂಬಿಯ ಮೇಲೆ ಎರಡು ಎಂಜಿನುಗಳನ್ನು ಎದುರುಬದುರಾಗಿ ಬಿಟ್ಟರು. ಒಂದರಲ್ಲಿ ರೈಲ್ವೆ ಮಂತ್ರಿಗಳಾದ ಅಶ್ವಿನಿ ವೈಷ್ಣವರೇ ಕುಳಿತಿದ್ದರು. ಇನ್ನೊಂದಕ್ಕೆ 380 ಮೀಟರ್ ದೂರವಿರುವಾಗಲೇ ಎಂಜಿನು ತಾನಾಗಿ ನಿಂತಿತು. ಟ್ರಾಯ್ ಪಟ್ಟಣದ ಹಾದಿಯಲ್ಲಿ ಆ ತರುಣನು ಕಂಡ ಚಿತ್ರವೇ ಅದು. ಕೊನೆ ಮಾತ್ರ ಬೇರೆ.

ದಕ್ಷಿಣ ಮಧ್ಯ ರೈಲ್ವೆಯ 1465 ಕಿಲೋಮೀಟರ್ ಹಾದಿಗೆ ಈ ಏರ್ಪಾಡನ್ನು ಮೊದಲು ಅಳವಡಿಸಿದರು. ದೇಶದ ಎಲ್ಲ ಹಾದಿಗಳಿಗೂ ಎಲ್ಲ ಎಂಜಿನುಗಳಿಗೂ ಅಳವಡಿಸುವ ಕೆಲಸವು ದೊಡ್ಡದು. ಅದಕ್ಕೆ ಹಣವೂ ಕಾಲವೂ ಬೇಕು. ವೆಸ್ಟಿಂಗ್‌ಹೌಸನು ತಾನಾಗಿ ಹಿಡಿಯುವ ಬ್ರೇಕನ್ನು ಮಾಡಿದ ಮೇಲೆಯೂ ಆರ್ಮಾದ ಮಕ್ಕಳ ಪಾಲಿಗೆ ಅದು ಹದಿನೇಳು ವರ್ಷವಾದರೂ ಬಂದಿರಲಿಲ್ಲವೆಂಬುದನ್ನು ನಾವು ನೆನೆಯಬೇಕು. ಒಳ್ಳೆಯದನ್ನು ಕಂಡುಹಿಡಿಯುವುದು ಒಂದು ಕೆಲಸ. ಅದನ್ನು ಎಲ್ಲರಿಗೂ ಮುಟ್ಟಿಸುವುದು ಇನ್ನೊಂದು. ಎರಡನೆಯ ಕೆಲಸವು ಕಂಡುಹಿಡಿದವನೊಬ್ಬನದಲ್ಲ. ಅದು ಆಳುವವರದು, ಹಣ ಕೊಡುವವರದು, ಬೇಕೆಂದು ಕೇಳುವ ಪ್ರಜೆಗಳದು.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಕೆಲವರು ಉಪಾಧ್ಯಾಯಿನಿಯರಾಗಿದ್ದೀರಿ, ಕೆಲವರು ದಾದಿಯರಾಗಿದ್ದೀರಿ, ಎಷ್ಟೋ ಮಂದಿ ಮನೆಯನ್ನು ನಡೆಯಿಸುತ್ತಿದ್ದೀರಿ. ತಪ್ಪು ನಡೆದಾಗ ಯಾರು ತಪ್ಪಿದರೆಂದು ಕೇಳುವುದು ಸುಲಭ. ದಣಿದವನೊಬ್ಬನು ತಪ್ಪಿದರೂ ಕೇಡಾಗದಂತೆ ಮೊದಲೇ ಏನು ಮಾಡಿಟ್ಟಿದ್ದೆವೆಂದು ಕೇಳುವುದು ಕಷ್ಟ. ವೆಸ್ಟಿಂಗ್‌ಹೌಸನು ಕೇಳಿದ್ದು ಅದನ್ನೇ. ಔಷಧದ ಸೀಸೆಯನ್ನು ಮಗುವಿನ ಕೈಗೆ ನಿಲುಕದಲ್ಲಿ ಇಡುವ ತಾಯಿಯೂ, ರೋಗಿಯ ಹೆಸರನ್ನು ಎರಡನೆಯ ಸಾರಿ ಕೇಳುವ ದಾದಿಯೂ, ಮಕ್ಕಳನ್ನು ಬಂಡಿ ಹತ್ತಿಸಿದ ಮೇಲೆಯೂ ತಿರುಗಿ ಎಣಿಸುವ ಉಪಾಧ್ಯಾಯಿನಿಯೂ ಆತನ ಸಾಲಿಗೇ ಸೇರಿದವರು.

ದೇವದುರ್ಗದ ಆ ತಾಯಿಯ ಮಗಳು ಈಗ ನಮ್ಮ ಶಾಲೆಯನ್ನು ಮುಗಿಸಿ ಹೋಗಿದ್ದಾಳೆ. ಈ ಸಂಚಿಕೆಯು ಅವರ ಮನೆಯನ್ನು ಮುಟ್ಟುವುದೆಂದು ನಂಬುತ್ತೇವೆ. ಅಂದು ನಿಲ್ದಾಣದಲ್ಲಿ ಕೊಡಲಾರದೆ ಹೋದ ಉತ್ತರವನ್ನು ಇಲ್ಲಿ ಬರೆದಿದ್ದೇವೆ; ಮಗಳು ತಾಯಿಗೆ ಓದಿ ಹೇಳಲಿ.